ಸರ್ನ್ ಟೇಪ್ ಗೋದಾಮು: ಟೇಪ್ ಸಾವಿರಾರು, ಡ್ರೈವ್ ಕೆಲವೇ, ಯಾರ ಪಾಳಿ ಮೊದಲು?

ಜಿನೀವಾ ಹತ್ರ, ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯಲ್ಲಿ, ಸರ್ನ್ ಅನ್ನೋ ಕಣ ಭೌತವಿಜ್ಞಾನ ಸಂಸ್ಥೆ ನಡೆಸೋ, ಪ್ರೋಟಾನ್‌ಗಳನ್ನ ಡಿಕ್ಕಿ ಹೊಡೆಸೋ, ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ (ಎಲ್‌ಎಚ್‌ಸಿ) ಇದೆಯಲ್ಲ, ಅದರ ಸುದ್ದಿ ಬಂದಾಗೆಲ್ಲ ನಾವು ಪ್ರೋಟಾನ್, ಹಿಗ್ಸ್ ಬೋಸಾನ್ ಅಂತ ಮಾತಾಡ್ತೀವಿ, ಆದ್ರೆ ಅಲ್ಲಿಂದ ಬರೋ ಡೇಟಾ ಎಲ್ಲಿ ಹೋಗಿ ಕೂರತ್ತೆ ಅಂತ ಕೇಳೋರು ಕಮ್ಮಿ. ಈಗ ಆ ಯಂತ್ರದ ದೊಡ್ಡ ಅಪ್‌ಗ್ರೇಡ್ ಮಾತು ಜೋರಾಗಿದೆ. 2030ರ ಸುಮಾರಿಗೆ ಹೈ-ಲ್ಯೂಮಿನಾಸಿಟಿ ರೂಪದಲ್ಲಿ, ಅಂದ್ರೆ ಇನ್ನೂ ಹೆಚ್ಚು ಘರ್ಷಣೆ ಮಾಡಿಸೋ ಹಾಗೆ, ಅದು ಓಡೋಕೆ ಶುರುವಾದ್ರೆ ಡೇಟಾ ಈಗಿನದಕ್ಕಿಂತ ಹಲವು ಪಟ್ಟು ಬರತ್ತೆ. ಭಾರತ 2017ರಿಂದ ಸರ್ನ್‌ನ ಅಸೋಸಿಯೇಟ್ ಸದಸ್ಯ ದೇಶ, ಮುಂಬೈನ ಟಿಐಎಫ್‌ಆರ್ ಮತ್ತು ಕೋಲ್ಕತ್ತಾದ ವಿಇಸಿಸಿ ಅನ್ನೋ ಸಂಶೋಧನಾ ಸಂಸ್ಥೆಗಳು ಈ ಡೇಟಾನ ಹಂಚ್ಕೊಂಡು ಕೆಲಸ ಮಾಡೋ ಜಾಲದಲ್ಲಿವೆ, ಹಾಗಾಗಿ ಇದು ಎಲ್ಲೋ ದೂರದವರ ವಿಷಯ ಅಂತ ಬಿಡೋಹಾಗಿಲ್ಲ.

ಇಷ್ಟೆಲ್ಲ ಡೇಟಾ ಹಾರ್ಡ್ ಡಿಸ್ಕಲ್ಲೋ ಕ್ಲೌಡಲ್ಲೋ ಇರಬೇಕು ಅಂತ ಅನ್ಕೊಳ್ಳೋರೇ ಜಾಸ್ತಿ. ಅದರ ಕಾಯಂ ಪ್ರತಿ ಇರೋದು ಮ್ಯಾಗ್ನೆಟಿಕ್ ಟೇಪಲ್ಲಿ. ಟೇಪನ್ನ ಓದೋ ಬರೆಯೋ ಯಂತ್ರಕ್ಕೆ ಡ್ರೈವ್ ಅಂತಾರೆ. ಟೇಪ್‌ಗಳು ಹತ್ತಾರು ಸಾವಿರ ಇದ್ರೆ ಡ್ರೈವ್‌ಗಳು ನೂರರ ಲೆಕ್ಕದಲ್ಲಿವೆ. ಯಾವ ಟೇಪು, ಯಾವ ಡ್ರೈವಿಗೆ, ಯಾವಾಗ, ಯಾರ ಕೆಲಸಕ್ಕೆ ಹೋಗಬೇಕು ಅಂತ ಪ್ರತಿ ಕ್ಷಣ ತೀರ್ಮಾನ ಆಗ್ತಾನೇ ಇರಬೇಕು. ಅದೇ ಶೆಡ್ಯೂಲಿಂಗ್. ಹೊರಗಿಂದ ನೋಡಿದ್ರೆ ಸಣ್ಣ ವಿಷಯ ಅನ್ಸತ್ತೆ, ಒಳಗೆ ಹೋದ್ರೆ ಇಡೀ ವ್ಯವಸ್ಥೆ ಓಡತ್ತೋ ತೆವಳತ್ತೋ ಅನ್ನೋದು ಇದರ ಮೇಲೇ ನಿಂತಿದೆ.

ಈ ಕಾಲದಲ್ಲೂ ಟೇಪ್ ಯಾಕೆ?

ಎಲ್‌ಎಚ್‌ಸಿ ಒಳಗೆ ಸೆಕೆಂಡಿಗೆ ಸುಮಾರು 4 ಕೋಟಿ ಸಲ ಪ್ರೋಟಾನ್ ಗುಂಪುಗಳು ಒಂದಕ್ಕೊಂದು ಎದುರಾಗ್ತವೆ. ಅದರಲ್ಲಿ ಬಹುಪಾಲನ್ನ ಅಲ್ಲೇ ಬಿಟ್ಟು, ಆಸಕ್ತಿ ಹುಟ್ಟಿಸೋ ಒಂದು ಸಣ್ಣ ಪಾಲನ್ನ ಮಾತ್ರ ಉಳಿಸ್ಕೋತಾರೆ. ಆ ಸಣ್ಣ ಪಾಲೇ ಪೆಟಾಬೈಟ್ ಲೆಕ್ಕದಲ್ಲಿ ಬರತ್ತೆ. ಒಂದು ಪೆಟಾಬೈಟ್ ಅಂದ್ರೆ 1000 ಟೆರಾಬೈಟ್, ನಮ್ಮ ಮನೇಲಿರೋ 1 ಟೆರಾಬೈಟಿನ ಹಾರ್ಡ್ ಡಿಸ್ಕ್ ಸಾವಿರ ಬೇಕು. ಸರ್ನ್ ಟೇಪಲ್ಲಿ 2013ರ ಫೆಬ್ರವರಿ ಹೊತ್ತಿಗೆ 100 ಪೆಟಾಬೈಟ್ ಆಗಿತ್ತು, 2017ರ ಜೂನ್ ಕೊನೆಗೆ ಅದು 200 ಆಯ್ತು, ಅಂದ್ರೆ ಅಲ್ಲಿವರೆಗೆ ಕೂಡಿಟ್ಟಷ್ಟೇ ಡೇಟಾ ಬರೀ ನಾಲ್ಕು ವರ್ಷ ಚಿಲ್ಲರೆಯಲ್ಲಿ ಮತ್ತೆ ಬಂತು.

ಇದನ್ನ ಕಳ್ಕೊಂಡ್ರೆ ಮತ್ತೆ ತರೋಕಾಗಲ್ಲ. 2012ರಲ್ಲಿ ಹಿಗ್ಸ್ ಬೋಸಾನ್ ಅನ್ನೋ ಕಣ ಸಿಕ್ಕಿದ ಘರ್ಷಣೆಗಳು ಆವತ್ತು ಆಗಿ ಮುಗಿದವು. 1989ರಿಂದ 2000ದವರೆಗೆ ಇದೇ ಸುರಂಗದಲ್ಲಿ ಓಡಿದ ಎಲ್‌ಇಪಿ ಅನ್ನೋ ಹಳೇ ಯಂತ್ರದ ಡೇಟಾನೂ ಇವತ್ತಿಗೂ ಜೋಪಾನ ಮಾಡಿದಾರೆ. ಇಷ್ಟು ವರ್ಷ ಇಡೋಕೆ ಟೇಪ್ ಯಾಕೆ ಒಳ್ಳೇದು ಅಂದ್ರೆ, ಶೆಲ್ಫಲ್ಲಿ ಕೂತಿರೋ ಟೇಪಿಗೆ ಕರೆಂಟ್ ಬೇಡ, ಟೆರಾಬೈಟ್ ಲೆಕ್ಕದಲ್ಲಿ ಅಗ್ಗ, ಮತ್ತೆ ಡ್ರೈವ್ ಒಳಗಿಲ್ಲದ ಟೇಪನ್ನ ಯಾವ ಸಾಫ್ಟ್‌ವೇರ್ ದೋಷಾನೂ ಮುಟ್ಟೋಕಾಗಲ್ಲ. 2011ರ ಫೆಬ್ರವರಿಯಲ್ಲಿ ಗೂಗಲ್‌ನ ಒಂದು ಸಾಫ್ಟ್‌ವೇರ್ ದೋಷದಿಂದ ಸ್ವಲ್ಪ ಜನರ ಜಿಮೇಲ್ ಖಾಲಿ ಕಾಣಿಸ್ತು, ಆನ್‌ಲೈನ್ ಪ್ರತಿಗಳೂ ಹೋಗಿದ್ವು, ಕೊನೆಗೆ ಆ ಮೇಲ್‌ಗಳನ್ನ ವಾಪಸ್ ತಂದಿದ್ದು ಟೇಪಿಂದ.

ಕಾರ್ಟ್ರಿಜ್, ಡ್ರೈವ್, ರೋಬೋ

ಕೈಯಲ್ಲಿ ಹಿಡಿಯೋಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧ ಇಂಚು ಅಗಲದ ಟೇಪಿನ ಸುರುಳಿ, ಇದು ಕಾರ್ಟ್ರಿಜ್. ಎಲ್‌ಟಿಒ ಅನ್ನೋ ಟೇಪ್ ಮಾದರಿಯ 9ನೇ ಪೀಳಿಗೆಯ, ಅಂದ್ರೆ ಎಲ್‌ಟಿಒ-9ರ, ಒಂದು ಕಾರ್ಟ್ರಿಜಲ್ಲಿ 1 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಟೇಪ್ ಇರತ್ತೆ, ಕಂಪ್ರೆಸ್ ಮಾಡದೆ 18 ಟೆರಾಬೈಟ್ ಹಿಡಿಯತ್ತೆ. ಅದನ್ನ ಡ್ರೈವ್ ಒಳಗೆ ಹಾಕಿ ಓದೋಕೆ ಸಿದ್ಧ ಮಾಡೋದಕ್ಕೆ ಮೌಂಟ್ ಅಂತಾರೆ. ಕಾರ್ಟ್ರಿಜ್‌ಗಳೆಲ್ಲ ಜೋಡಿಸಿರೋ ದೊಡ್ಡ ಕಪಾಟು, ಅದರ ಮಧ್ಯೆ ಓಡಾಡೋ ರೋಬೋ ಕೈ, ಪಕ್ಕದಲ್ಲಿ ಡ್ರೈವ್‌ಗಳು, ಇವೆಲ್ಲ ಸೇರಿ ಟೇಪ್ ಲೈಬ್ರರಿ.

ಕಾರ್ಟ್ರಿಜ್ ಬೆಲೆ ಸಾವಿರಗಳಲ್ಲಿ, ಡ್ರೈವ್ ಬೆಲೆ ಲಕ್ಷಗಳಲ್ಲಿ. ಜಾಗ ಬೇಕಾದ್ರೆ ಟೇಪ್ ತಂದು ಸೇರಿಸ್ತಾ ಹೋಗಬಹುದು, ಡ್ರೈವನ್ನ ಹಾಗೆ ಸೇರಿಸೋಕಾಗಲ್ಲ. ಆದ್ದರಿಂದ ಇಡೀ ಗೋದಾಮಲ್ಲಿ ಬೆಲೆಬಾಳೋದು ಡ್ರೈವಿನ ಸಮಯ. ಡ್ರೈವ್ ಡೇಟಾ ಓದದೆ ಕಳೆದ ಪ್ರತಿ ನಿಮಿಷ ಲಾಸು.

ಐದು ಸೆಕೆಂಡ್ ಕೆಲಸಕ್ಕೆ ಮೂರು ನಿಮಿಷ

ಎಲ್‌ಟಿಒ-9 ಡ್ರೈವ್ ಸೆಕೆಂಡಿಗೆ ಸುಮಾರು 400 ಮೆಗಾಬೈಟ್ ಓದತ್ತೆ. ಈ ವೇಗಕ್ಕೆ ಎಷ್ಟೋ ಹಾರ್ಡ್ ಡಿಸ್ಕ್ ಸೋಲತ್ತೆ, ಟೇಪ್ ನಿಧಾನ ಅನ್ನೋ ಮಾತು ಅರ್ಧ ಸತ್ಯ ಅಷ್ಟೇ. ಓದೋಕೆ ಶುರು ಮಾಡಿದ ಮೇಲೆ ಅದು ನಿಧಾನ ಇಲ್ಲ, ಶುರು ಮಾಡೋವರೆಗಿನ ತಯಾರಿ ನಿಧಾನ.

ಒಬ್ರಿಗೆ 2 ಗಿಗಾಬೈಟಿನ ಒಂದು ಫೈಲ್ ಬೇಕು ಅಂತಿಟ್ಕೊಳ್ಳಿ. ಓದೋಕೆ ಬೇಕಾಗಿರೋದು 5 ಸೆಕೆಂಡ್. ಆದ್ರೆ ಮೊದಲು ರೋಬೋ ಹೋಗಿ ಕಾರ್ಟ್ರಿಜ್ ಎತ್ತಿ ತಂದು ಡ್ರೈವಿಗೆ ಹಾಕಬೇಕು, ಡ್ರೈವ್ ಟೇಪಿನ ತುದಿ ಹಿಡಿದು ಎಳ್ಕೊಂಡು ಸಿದ್ಧ ಆಗಬೇಕು, ಆಮೇಲೆ ಆ ಫೈಲಿರೋ ಜಾಗದವರೆಗೆ ಟೇಪ್ ಸುತ್ತಬೇಕು, ಅದಕ್ಕೆ ಸರಾಸರಿ ಒಂದು ನಿಮಿಷದ ಹತ್ರ ಹಿಡಿಯತ್ತೆ, ಓದಿ ಮುಗಿದ ಮೇಲೆ ಶುರುವಿನ ತುದಿಗೆ ವಾಪಸ್ ಸುತ್ತಬೇಕು, ಕಾರ್ಟ್ರಿಜ್ ಹೊರಗೆ ತಳ್ಳಬೇಕು, ರೋಬೋ ಅದನ್ನ ಸ್ವಸ್ಥಾನಕ್ಕೆ ಇಡಬೇಕು. ಎಲ್ಲ ಸೇರಿ ಎರಡೂವರೆ ಮೂರು ನಿಮಿಷ. ಅಂದ್ರೆ ಡ್ರೈವ್ ನಿಜವಾದ ಕೆಲಸ ಮಾಡಿದ್ದು ಒಟ್ಟು ಸಮಯದ ನೂರರಲ್ಲಿ ಸುಮಾರು ಮೂರು ಪಾಲು ಅಷ್ಟೇ.

ಈಗ ಅದೇ ಟೇಪಲ್ಲಿರೋ 100 ಫೈಲನ್ನ 100 ಜನ ಬೇರೆ ಬೇರೆ ಹೊತ್ತಿಗೆ ಕೇಳಿ, ಕೇಳಿದ ಹಾಗೇ ಒಂದೊಂದು ಸಲ ಮೌಂಟ್ ಮಾಡಿ ಕೊಟ್ರೆ, ಮೂರು ನಿಮಿಷದ ಲೆಕ್ಕದಲ್ಲಿ 300 ನಿಮಿಷ, 5 ಗಂಟೆ ಆಯ್ತು. ಕೋರಿಕೆಗಳನ್ನ ಸ್ವಲ್ಪ ಹೊತ್ತು ಕೂಡಿಹಾಕಿ ಒಂದೇ ಮೌಂಟಲ್ಲಿ ಕೊಟ್ರೆ, ಫೈಲ್‌ಗಳು ಪಕ್ಕಪಕ್ಕ ಇದ್ದ ಪಕ್ಷದಲ್ಲಿ ಓದೋಕೆ 500 ಸೆಕೆಂಡ್, ತಯಾರಿ ಸೇರಿ 11-12 ನಿಮಿಷಕ್ಕೆ ಮುಗೀತು. ಯಂತ್ರ ಅದೇ, ಟೇಪ್ ಅದೇ, ಬದಲಾಗಿದ್ದು ಕೊಡೋ ಕ್ರಮ ಒಂದೇ. ನನ್ನ ಪ್ರಕಾರ ಈ ವಿಷಯದಲ್ಲಿ ತಿಳ್ಕೋಬೇಕಾದ ಮುಖ್ಯ ಸಂಗತಿ ಇದು: ಟೇಪ್ ವ್ಯವಸ್ಥೆ ಒಬ್ಬರನ್ನ ಸ್ವಲ್ಪ ಕಾಯಿಸೋದ್ರಿಂದಲೇ ಎಲ್ಲರಿಗೂ ಬೇಗ ಕೊಡೋಕಾಗತ್ತೆ.

ಶೆಡ್ಯೂಲರ್ ತಲೆ ಹೇಗೆ ಓಡತ್ತೆ

ಊರಿನ ಹಿಟ್ಟಿನ ಗಿರಣಿ ನೋಡಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ. ಒಬ್ರು ರಾಗಿ ತಂದಿರ್ತಾರೆ, ಇನ್ನೊಬ್ರು ಅಕ್ಕಿ, ಮತ್ತೊಬ್ರು ಮೆಣಸಿನಕಾಯಿ. ಬಂದ ಹಾಗೇ ಹಾಕ್ತಾ ಹೋದ್ರೆ ಪ್ರತಿ ಸಲ ಗಿರಣಿ ಕ್ಲೀನ್ ಮಾಡೋದೇ ಕೆಲಸ, ಹಿಟ್ಟು ಬೀಳೋದು ಯಾವಾಗ? ಅದಕ್ಕೇ ಗಿರಣಿಯವರು ರಾಗಿ ಡಬ್ಬಗಳನ್ನೆಲ್ಲ ಒಂದು ಕಡೆ ಸಾಲಾಗಿ ಇಡಿಸ್ತಾರೆ, ಒಂದಷ್ಟು ಸೇರಿದ ಮೇಲೆ ಮೋಟಾರ್ ಹಾಕಿ ಅಷ್ಟೂ ಬೀಸಿ ಮುಗಿಸ್ತಾರೆ. ಯಾರೋ ಬೆಳಗ್ಗೆಯಿಂದ ಒಂದೇ ಒಂದು ಸೇರು ಅಕ್ಕಿ ಇಟ್ಕೊಂಡು ಕೂತಿದ್ರೆ, ಅಕ್ಕಿ ಜಾಸ್ತಿ ಸೇರದಿದ್ರೂ ಒಂದು ಹೊತ್ತಲ್ಲಿ ಅವರದ್ದೂ ಹಾಕಿಕೊಡ್ತಾರೆ. ಮದುವೆ ಮನೆಯದ್ದು ಬಂದ್ರೆ ಅದಕ್ಕೆ ಮೊದಲ ಜಾಗ.

ಸರ್ನ್ ಟೇಪ್ ಆರ್ಕೈವ್, ಚಿಕ್ಕದಾಗಿ ಸಿಟಿಎ, ಅನ್ನೋ ಸಾಫ್ಟ್‌ವೇರ್ ಹೆಚ್ಚುಕಮ್ಮಿ ಇದೇ ಥರ ಯೋಚ್ನೆ ಮಾಡತ್ತೆ. ಮೊದಲು ಅಲ್ಲಿ ಕ್ಯಾಸ್ಟರ್ ಅನ್ನೋ ಹಳೇ ವ್ಯವಸ್ಥೆ ಇತ್ತು, 2020ರಲ್ಲಿ ಎಲ್‌ಎಚ್‌ಸಿಯ ಅಟ್ಲಾಸ್ ಅನ್ನೋ ಪ್ರಯೋಗದ ಡೇಟಾದಿಂದ ಶುರುಮಾಡಿ ಒಂದೊಂದಾಗಿ ಎಲ್ಲರನ್ನೂ ಸಿಟಿಎಗೆ ಸಾಗಿಸಿದ್ರು. ಬ್ರಿಟನ್ನಿನ ರುದರ್‌ಫರ್ಡ್ ಆಪಲ್ಟನ್ ಲ್ಯಾಬು, ಜರ್ಮನಿಯ ಡೆಸಿ ಸಂಶೋಧನಾ ಕೇಂದ್ರದವರು ಕೂಡ ಈಗ ಇದನ್ನೇ ಬಳಸ್ತಾರೆ.

ಓದೋ ಕೋರಿಕೆ ಬಂದ್ರೆ ಸಿಟಿಎ ಅದನ್ನ ಯಾರು ಕೇಳಿದ್ರು ಅನ್ನೋ ಲೆಕ್ಕದಲ್ಲಿ ಸಾಲು ಹಚ್ಚಲ್ಲ, ಆ ಫೈಲ್ ಯಾವ ಟೇಪಲ್ಲಿದೆಯೋ ಆ ಟೇಪಿನ ಕ್ಯೂಗೆ ಸೇರಿಸತ್ತೆ. ಪ್ರತಿ ಟೇಪಿಗೂ ಒಂದೊಂದು ಕ್ಯೂ. ಆ ಕ್ಯೂನಲ್ಲಿ ಇಂತಿಷ್ಟು ಬೈಟ್ ಸೇರಬೇಕು, ಇಲ್ಲಾ ಇಂತಿಷ್ಟು ಫೈಲ್ ಆಗಬೇಕು, ಇಲ್ಲಾ ಎಲ್ಲಕ್ಕಿಂತ ಹಳೇ ಕೋರಿಕೆ ಇಂತಿಷ್ಟು ಹೊತ್ತು ಕಾದಿರಬೇಕು, ಈ ಮೂರರಲ್ಲಿ ಯಾವುದಾದ್ರೂ ಒಂದು ಆದ್ರೆ ಮಾತ್ರ ಆ ಟೇಪ್ ಮೌಂಟ್ ಆಗೋಕೆ ಅರ್ಹ. ಮೂರನೇ ಷರತ್ತು ಇಲ್ದೇ ಹೋದ್ರೆ ಯಾರಿಗೂ ಬೇಡದ ಟೇಪಲ್ಲಿರೋ ಒಂಟಿ ಫೈಲನ್ನ ಕೇಳಿದವರು ಕಾಯ್ತಾನೇ ಇರಬೇಕಾಗತ್ತೆ, ಅದಕ್ಕೇ ಅದು ಇರೋದು.

ಇನ್ನೊಂದು ಚೆಂದದ ಸಂಗತಿ, ಇಲ್ಲಿ ಕೆಲಸ ಹುಡ್ಕೊಂಡು ಹೋಗೋದು ಡ್ರೈವ್ ಕಡೆಯಿಂದ. ಒಂದು ಡ್ರೈವ್ ಖಾಲಿ ಆದ ತಕ್ಷಣ ಅದನ್ನ ನಡೆಸೋ ಪ್ರೋಗ್ರಾಮ್ ಬಂದು ನನಗೇನು ಕೆಲಸ ಇದೆ ಅಂತ ಕ್ಯೂಗಳನ್ನ ನೋಡತ್ತೆ. ಅರ್ಹವಾಗಿರೋ ಕ್ಯೂಗಳಲ್ಲಿ ಯಾವುದರ ಪ್ರಯಾರಿಟಿ ಜಾಸ್ತಿಯೋ ಅದು ಮೊದಲು. ಆ ಪ್ರಯಾರಿಟಿ ಮತ್ತು ಎಷ್ಟು ಕಾಯಿಸಬಹುದು ಅನ್ನೋ ಮಿತಿ ಎರಡೂ ಸೇರಿ ಮೌಂಟ್ ಪಾಲಿಸಿ ಅಂತ ಬರೆದಿಟ್ಟಿರ್ತಾರೆ. ಜೊತೆಗೆ ಪ್ರತಿ ಪ್ರಯೋಗಕ್ಕೂ, ಅಂದ್ರೆ ಅಟ್ಲಾಸ್, ಸಿಎಮ್‌ಎಸ್, ಆಲಿಸ್, ಎಲ್‌ಎಚ್‌ಸಿಬಿ ಇವಕ್ಕೆಲ್ಲ, ಓದೋಕೆ ಇಷ್ಟು ಡ್ರೈವ್ ಬರೆಯೋಕೆ ಇಷ್ಟು ಡ್ರೈವ್ ಅಂತ ಗರಿಷ್ಠ ಮಿತಿ ಹಾಕಿರ್ತಾರೆ, ಒಬ್ರು ಒಂದೇ ಸಲ ಲಕ್ಷಗಟ್ಟಲೆ ಫೈಲ್ ಕೇಳಿ ಉಳಿದವರ ಪಾಲಿನ ಡ್ರೈವನ್ನೂ ಹಿಡ್ಕೊಳ್ಳಬಾರದಲ್ಲ.

ಬರೆಯೋದರ ಕಷ್ಟವೇ ಬೇರೆ

ಓದೋವಾಗ ಆಯ್ಕೆ ಇಲ್ಲ, ಫೈಲ್ ಇರೋ ಟೇಪನ್ನೇ ತರಬೇಕು. ಬರೆಯೋವಾಗ ಹಾಗಿಲ್ಲ, ಆ ಪ್ರಯೋಗಕ್ಕೆ ಮೀಸಲಿಟ್ಟ ಟೇಪ್‌ಗಳ ಗುಂಪು ಇರತ್ತೆ, ಅದಕ್ಕೆ ಟೇಪ್ ಪೂಲ್ ಅಂತಾರೆ, ಅದರಲ್ಲಿ ಜಾಗ ಇರೋ ಯಾವ ಟೇಪಾದ್ರೂ ನಡೆಯತ್ತೆ. ಹಾಗಾಗಿ ಬರೆಯೋ ಕ್ಯೂ ಪೂಲಿಗೊಂದು. ಕೊಲೈಡರ್ ಓಡ್ತಿರೋ ದಿನಗಳಲ್ಲಿ ಬರೆಯೋ ಕೆಲಸಕ್ಕೆ ಓದೋದಕ್ಕಿಂತ ಹೆಚ್ಚು ಮರ್ಯಾದೆ, ಯಾಕಂದ್ರೆ ಓದೋದು ನಾಳೆಗೆ ಹೋದ್ರೂ ನಡೆಯತ್ತೆ, ಘರ್ಷಣೆಗಳನ್ನ ದಾಖಲಿಸೋ ಡಿಟೆಕ್ಟರಿಂದ ಈಗಷ್ಟೇ ಬಂದ ಡೇಟಾ ಟೇಪಿಗೆ ಸೇರೋವರೆಗೂ ಅದಕ್ಕೆ ಭದ್ರತೆ ಕಮ್ಮಿ.

ಆದ್ರೆ ಡ್ರೈವಿಗೆ ಡೇಟಾನ ಒಂದೇ ಸಮ ಸುರೀತಾ ಇರಬೇಕು. ಟೇಪ್ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಓಡ್ತಿರತ್ತೆ. ಡೇಟಾ ಬರೋದು ತಡ ಆದ್ರೆ ಡ್ರೈವ್ ತನ್ನ ವೇಗವನ್ನ ಒಂದು ಮಟ್ಟದವರೆಗೆ ಇಳಿಸ್ಕೊಳ್ಳತ್ತೆ, ಅದಕ್ಕಿಂತ ಕೆಳಗೆ ಆಗಲ್ಲ, ಆಗ ಟೇಪನ್ನ ನಿಲ್ಲಿಸ್ಬೇಕು, ನಿಲ್ಲೋ ಹೊತ್ತಿಗೆ ಅದು ಮುಂದೆ ಹೋಗಿರತ್ತೆ, ಹಿಂದಕ್ಕೆ ಸುತ್ತಬೇಕು, ಮತ್ತೆ ಓಟ ಹಿಡಿದು ಬಿಟ್ಟ ಜಾಗದಿಂದ ಬರೀಬೇಕು. ಹೀಗೆ ಹಿಂದೆ ಮುಂದೆ ಆಡ್ತಿದ್ರೆ ವೇಗನೂ ಹೋಯ್ತು, ಟೇಪೂ ಸವೀತು. ಇದೇ ಕಾರಣಕ್ಕೆ ಸರ್ನ್‌ನಲ್ಲಿ ಡ್ರೈವ್‌ಗಳ ಮುಂದೆ ಎಸ್‌ಎಸ್‌ಡಿಗಳ ಒಂದು ಬಫರ್, ಅಂದ್ರೆ ಡೇಟಾ ಸ್ವಲ್ಪ ಹೊತ್ತು ತಂಗೋ ಜಾಗ, ಇಟ್ಟಿದಾರೆ, ಡೇಟಾ ಮೊದಲು ಅಲ್ಲಿ ಬಂದು ಕೂಡತ್ತೆ, ಒಂದು ಪ್ರಮಾಣ ಆದ ಮೇಲೇ ಟೇಪ್ ಮೌಂಟ್ ಆಗತ್ತೆ, ಆಮೇಲೆ ಪೂರ್ತಿ ವೇಗದಲ್ಲಿ ಸುರಿಯತ್ತೆ. ಸಣ್ಣ ಫೈಲ್‌ಗಳು ಬೇರೆ ಥರದ ತಲೆನೋವು. ಪ್ರತಿ ಫೈಲ್ ಆದ ಮೇಲೂ ಟೇಪಿಗೆ ಸೇರ್ತೋ ಇಲ್ವೋ ಅಂತ ನಿಲ್ಲಿಸಿ ಖಾತ್ರಿ ಮಾಡ್ಕೊಂಡ್ರೆ ಮತ್ತದೇ ಹಿಂದೆ-ಮುಂದೆ ಆಟ, ಅದಕ್ಕೆ ಒಂದಷ್ಟು ಫೈಲ್‌ಗಳನ್ನ ಒಟ್ಟಿಗೆ ಬರೆದು ಒಂದೇ ಸಲ ಖಾತ್ರಿ ಮಾಡ್ಕೋತಾರೆ, ಅಲ್ಲಿವರೆಗೂ ಬಫರಲ್ಲಿರೋ ಪ್ರತಿ ಅಳಿಸಲ್ಲ.

ಎಷ್ಟು ಡ್ರೈವಲ್ಲಿ ಒಟ್ಟಿಗೆ ಬರೀಬೇಕು ಅನ್ನೋದು ನನಗೆ ತುಂಬ ಹಿಡಿಸಿದ ಪ್ರಶ್ನೆ. ಒಂದು ಪ್ರಯೋಗದ ಡೇಟಾನ 5 ಡ್ರೈವಲ್ಲಿ ಬರೆದ್ರೆ ಬೇಗ ಮುಗಿಯತ್ತೆ, ಆದ್ರೆ ಆ ಡೇಟಾ 5 ಟೇಪಿಗೆ ಹಂಚಿಹೋಯ್ತು. ಎರಡು ವರ್ಷ ಬಿಟ್ಟು ಯಾರೋ ಅದನ್ನ ವಾಪಸ್ ಕೇಳಿದ್ರೆ 5 ಮೌಂಟ್ ಬೇಕು. ಇವತ್ತಿನ ಅವಸರದ ಸಾಲವನ್ನ ಆವತ್ತು ಓದೋರು ತೀರಿಸ್ಬೇಕು.

ಟೇಪ್ ಒಳಗೂ ಒಂದು ಸರದಿ

ಟೇಪ್ ಮೌಂಟ್ ಆಯ್ತು, ಅದರಿಂದ 200 ಫೈಲ್ ಬೇಕು, ಯಾವ ಕ್ರಮದಲ್ಲಿ ಓದೋದು? ಬರೆದ ಕ್ರಮದ ನಂಬರ್ ಪ್ರಕಾರ ಮೊದಲಿಂದ ಕೊನೆವರೆಗೆ ಅಂತ ಹೇಳೋಣ ಅನ್ಸತ್ತೆ. ಅಲ್ಲೇ ಇರೋದು ಸ್ವಾರಸ್ಯ. ಎಲ್‌ಟಿಒ-9 ಟೇಪಲ್ಲಿ ಉದ್ದಕ್ಕೂ 8960 ಟ್ರ್ಯಾಕ್, ಅಂದ್ರೆ ಡೇಟಾ ಬರೆಯೋ ಗೆರೆಗಳು, ಇದಾವೆ, ಡ್ರೈವಿನ ತಲೆ ಒಂದು ಸಲಕ್ಕೆ 32 ಟ್ರ್ಯಾಕ್ ಬರೆಯತ್ತೆ. ಟೇಪಿನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಹೋಗ್ತಾ 32 ಟ್ರ್ಯಾಕ್, ಅಲ್ಲಿಂದ ವಾಪಸ್ ಬರ್ತಾ ಬೇರೆ 32, ಹೀಗೆ ಹೋಗೋದು ಬರೋದು ಎಲ್ಲ ಸೇರಿ 280 ಓಟ ಆದ್ರೆ ಟೇಪ್ ತುಂಬತ್ತೆ. ಅಂದ್ರೆ ಒಂದು ಸಲದ ಓಟಕ್ಕೆ ಸುಮಾರು 64 ಗಿಗಾಬೈಟ್. ಮೊದಲ ಓಟದ ಶುರುವಿನಲ್ಲಿ ಬರೆದ ಫೈಲೂ, ಎರಡನೇ ಓಟದ ಕೊನೆಯಲ್ಲಿ ಬರೆದ ಫೈಲೂ, ನಂಬರ್ ಲೆಕ್ಕದಲ್ಲಿ 128 ಗಿಗಾಬೈಟ್ ದೂರ, ಟೇಪಿನ ಮೇಲೆ ನೋಡಿದ್ರೆ ಅಕ್ಕಪಕ್ಕ! ನಂಬರ್ ಪ್ರಕಾರ ಹೋದ್ರೆ ಡ್ರೈವ್ ಒಂದು ಕಿಲೋಮೀಟರ್ ಟೇಪನ್ನ ಸುಮ್ಮನೆ ಆ ಕಡೆ ಈ ಕಡೆ ಸುತ್ತಿಸ್ತಾ ಇರತ್ತೆ.

ಯಾವ ಕ್ರಮದಲ್ಲಿ ಓದಿದ್ರೆ ಸುತ್ತೋದು ಕಮ್ಮಿ ಆಗತ್ತೆ ಅಂತ ಹೇಳೋ ಸೌಲಭ್ಯನ ಡ್ರೈವ್ ಒಳಗೇ ಇಟ್ಟಿರ್ತಾರೆ, ಫೈಲ್‌ಗಳ ಪಟ್ಟಿ ಕೊಟ್ರೆ ಅದು ಒಳ್ಳೇ ಕ್ರಮ ಹೇಳತ್ತೆ. ಐಬಿಎಮ್‌ನ ದೊಡ್ಡ ಡ್ರೈವ್‌ಗಳಲ್ಲಿ ಇದು ಮುಂಚೆನೇ ಇತ್ತು, ಎಲ್‌ಟಿಒಗೆ 9ನೇ ಪೀಳಿಗೆಯಲ್ಲಿ ಬಂತು. ಅದಿಲ್ಲದ ಡ್ರೈವ್‌ಗಳಿಗಾಗಿ ಸಿಟಿಎ ತಾನೇ ಲೆಕ್ಕ ಹಾಕತ್ತೆ, ಈಗ ನಿಂತಿರೋ ಜಾಗದಿಂದ ಯಾವ ಫೈಲ್ ಬೇಗ ಸಿಗತ್ತೋ ಅದನ್ನ ಓದು, ಅಲ್ಲಿಂದ ಮತ್ತೆ ಹತ್ತಿರದ್ದು ನೋಡು ಅಂತ. ಇದು ಎಲ್ಲಕ್ಕಿಂತ ಉತ್ತಮ ದಾರಿನೇ ಆಗಿರತ್ತೆ ಅಂತ ಖಾತ್ರಿ ಇಲ್ಲ, ಆದ್ರೆ ಎಲ್ಲಕ್ಕಿಂತ ಉತ್ತಮವಾದದ್ದನ್ನ ಹುಡುಕ್ತಾ ಕೂತ್ರೆ ಆ ಲೆಕ್ಕಕ್ಕೇ ಓದೋದಕ್ಕಿಂತ ಜಾಸ್ತಿ ಹೊತ್ತು ಹೋಗಬಹುದು.

ಡ್ರೈವ್ ಖಾಲಿ ಇದ್ರೂ ನಿಮ್ಮ ಫೈಲ್ ಯಾಕೆ ಬರಲ್ಲ

ಬಳಸೋರಿಗೆ ಅರ್ಥ ಆಗದೇ ಇರೋದು ಇದೇ. ಮಾನಿಟರ್ ನೋಡಿದ್ರೆ ಹತ್ತು ಡ್ರೈವ್ ಸುಮ್ಮನೆ ಕೂತಿರತ್ತೆ, ಕೋರಿಕೆ ಮಾತ್ರ ಕ್ಯೂನಲ್ಲೇ. ಕಾರಣ ಹಲವು ಇರಬಹುದು. ಒಂದು ಟೇಪ್ ಒಂದು ಹೊತ್ತಿಗೆ ಒಂದೇ ಡ್ರೈವಲ್ಲಿ ಇರೋಕೆ ಸಾಧ್ಯ, ಎಲ್ಲರಿಗೂ ಬೇಕಾದ ಫೈಲ್‌ಗಳು ಒಂದೇ ಟೇಪಲ್ಲಿದ್ರೆ ನೂರು ಡ್ರೈವ್ ಖಾಲಿ ಇದ್ರೂ ಉಪಯೋಗ ಇಲ್ಲ. ಆ ಟೇಪ್ ಪೂರ್ತಿ ಓದಬೇಕಂದ್ರೆ 18 ಟೆರಾಬೈಟನ್ನ ಸೆಕೆಂಡಿಗೆ 400 ಮೆಗಾಬೈಟಿನ ಹಾಗೆ ಲೆಕ್ಕ ಹಾಕಿ, ಹನ್ನೆರಡೂವರೆ ಗಂಟೆ. ಇನ್ನು ಒಂದು ಲೈಬ್ರರಿಯ ರೋಬೋ ಪಕ್ಕದ ಲೈಬ್ರರಿಯ ಟೇಪನ್ನ ಎತ್ತೋಕಾಗಲ್ಲ, ಹಾಗಾಗಿ ಖಾಲಿ ಡ್ರೈವ್ ಬೇರೆ ಲೈಬ್ರರಿದಾಗಿದ್ರೆ ಅದು ಲೆಕ್ಕಕ್ಕೇ ಬರಲ್ಲ. ಪೀಳಿಗೆನೂ ಹೊಂದಬೇಕು, ಎಲ್‌ಟಿಒ-9 ಡ್ರೈವ್ 8ನೇ ಪೀಳಿಗೆಯ ಟೇಪ್ ಓದತ್ತೆ, ಎಲ್‌ಟಿಒ-8 ಡ್ರೈವ್ 9ನೇ ಪೀಳಿಗೆಯದ್ದನ್ನ ಓದಲ್ಲ. ಓದಿದ ಡೇಟಾ ಇಳಿಸೋಕೆ ಡಿಸ್ಕಲ್ಲಿ ಜಾಗ ಇಲ್ದೇ ಇರಬಹುದು, ಆಗ ಸಿಟಿಎ ಮೌಂಟ್ ಮಾಡೋ ಮೊದಲೇ ಜಾಗ ಇದೆಯಾ ನೋಡಿ, ಇಲ್ಲ ಅಂದ್ರೆ ಆ ಕ್ಯೂನ ಸ್ವಲ್ಪ ಹೊತ್ತು ಪಕ್ಕಕ್ಕಿಡತ್ತೆ. ಇಲ್ದಿದ್ರೆ ಟೇಪ್ ಡ್ರೈವಲ್ಲಿ ಕೂತು, ಡೇಟಾ ಇಳಿಸೋಕೆ ದಾರಿ ಇಲ್ದೆ, ಲಕ್ಷಗಟ್ಟಲೆ ಬೆಲೆಯ ಡ್ರೈವ್ ಸುಮ್ಮನೆ ನಿಂತಿರತ್ತೆ.

ಕೋರಿಕೆ ಕಳಿಸೋರ ಕೈಯಲ್ಲೂ ಒಂದಿಷ್ಟಿದೆ. ಬೇಕಾದ ಸಾವಿರ ಫೈಲನ್ನ ಮೊದಲೇ ಪಟ್ಟಿ ಮಾಡಿ ಒಟ್ಟಿಗೆ ಕೇಳಿದ್ರೆ ಶೆಡ್ಯೂಲರಿಗೆ ಗುಂಪು ಮಾಡೋಕೆ ಅವಕಾಶ ಇರತ್ತೆ, ಒಂದು ಬಂದ ಮೇಲೆ ಇನ್ನೊಂದು ಅಂತ ಕೇಳ್ತಾ ಹೋಗೋ ಪ್ರೋಗ್ರಾಮ್ ಬರೆದ್ರೆ ಎಷ್ಟೇ ಜಾಣ ಶೆಡ್ಯೂಲರ್ ಇದ್ರೂ ಮೂರು ನಿಮಿಷದ ಕಥೆ ಶುರುವಾಗತ್ತೆ.

ಹಳೇ ಟೇಪಿಂದ ಹೊಸ ಟೇಪಿಗೆ

ಟೇಪ್ ದಶಕಗಟ್ಟಲೆ ಬಾಳಿದ್ರೂ ಅದನ್ನ ಓದೋ ಡ್ರೈವ್ ಮಾರ್ಕೆಟಲ್ಲಿ ಅಷ್ಟು ವರ್ಷ ಸಿಗಲ್ಲ, ಅದಕ್ಕೇ ಕೆಲವು ವರ್ಷಕ್ಕೊಮ್ಮೆ ಹಳೇ ಟೇಪಲ್ಲಿರೋದನ್ನೆಲ್ಲ ಹೊಸ, ಹೆಚ್ಚು ಹಿಡಿಯೋ ಟೇಪಿಗೆ ನಕಲು ಮಾಡ್ತಾರೆ. ಇದಕ್ಕೆ ರೀಪ್ಯಾಕ್ ಅಂತಾರೆ. ಇದಕ್ಕೆ ಕಡಿಮೆ ಪ್ರಯಾರಿಟಿ ಕೊಟ್ಟು, ವಿಜ್ಞಾನಿಗಳ ಕೆಲಸ ಇಲ್ಲದ ಹೊತ್ತಲ್ಲಿ ಡ್ರೈವ್‌ಗಳಿಗೆ ಹಚ್ತಾರೆ. ಹೊಸ ಎಲ್‌ಟಿಒ-9 ಟೇಪನ್ನ ಮೊದಲ ಸಲ ಡ್ರೈವಿಗೆ ಹಾಕಿದಾಗ ಒಂದು ಹೊಂದಾಣಿಕೆಯ ಕೆಲಸ ಇರತ್ತೆ, ಅದಕ್ಕೇ 2 ಗಂಟೆವರೆಗೂ ಹಿಡಿಯಬಹುದು, ಅದನ್ನೂ ಮುಂಚೆನೇ ಮುಗಿಸಿಟ್ಕೊಂಡಿರಬೇಕು.

ಡಿಸ್ಕ್ ಸಾಲದಾಗ

ಹಿಂದೆ ಟೇಪಲ್ಲಿಟ್ಟಿದ್ದನ್ನ ಅಪರೂಪಕ್ಕೆ ತೆಗೀತಿದ್ರು. ಆದ್ರೆ ಹೈ-ಲ್ಯೂಮಿನಾಸಿಟಿ ಕಾಲದ ಡೇಟಾಗೆ ಬೇಕಾದಷ್ಟು ಡಿಸ್ಕ್ ಕೊಳ್ಳೋಕೆ ಬಜೆಟ್ ಸಾಲಲ್ಲ ಅಂತ ಅಟ್ಲಾಸ್‌ನವರು 2018ರಲ್ಲಿ ಡೇಟಾ ಕ್ಯಾರೊಸೆಲ್ ಅನ್ನೋ ಕೆಲಸ ಶುರುಮಾಡಿದ್ರು. ಇಡೀ ಡೇಟಾ ಟೇಪಲ್ಲೇ ಇರತ್ತೆ, ಸಂಸ್ಕರಣೆಗೆ ಬೇಕಾದ ಒಂದು ತುಂಡನ್ನ ಮಾತ್ರ ಡಿಸ್ಕಿಗೆ ತಂದು, ಕೆಲಸ ಮುಗಿಸಿ, ಅಳಿಸಿ, ಮುಂದಿನ ತುಂಡು ತರ್ತಾರೆ. ಅಂದ್ರೆ ಟೇಪಿಗೆ ಈಗ ದಿನನಿತ್ಯದ ದುಡಿಮೆ, ಡ್ರೈವ್ ಹಂಚೋ ರೀತಿ ಹಾಳಾದ್ರೆ ಅದರ ಹಿಂದಿರೋ ಸಾವಿರಾರು ಕಂಪ್ಯೂಟರ್‌ಗಳೂ ಸುಮ್ಮನೆ ಕಾಯಬೇಕಾಗತ್ತೆ.

ಅದಕ್ಕೇ ಈಗ ಗಮನ ಬರೆಯೋ ಹೊತ್ತಿನ ಕಡೆಗೆ ಹೊರಳಿದೆ. ಯಾವ ಫೈಲು ಯಾವ ಡೇಟಾಸೆಟ್ಟಿಗೆ ಸೇರಿದ್ದು, ಒಟ್ಟು ಎಷ್ಟು ದೊಡ್ಡದು ಅನ್ನೋ ಸುಳಿವನ್ನ ಫೈಲ್ ಜೊತೆಗೇ ಟೇಪ್ ವ್ಯವಸ್ಥೆಗೆ ಕಳಿಸಿದ್ರೆ, ಒಟ್ಟಿಗೆ ಬೇಕಾಗೋದನ್ನ ಒಟ್ಟಿಗೆ ಬರೀಬಹುದು. ಒಂದು ಡೇಟಾಸೆಟ್ 40 ಟೇಪಲ್ಲಿ ಚದುರಿದ್ರೆ 40 ಮೌಂಟ್, 4 ಟೇಪಲ್ಲಿ ಕೂಡಿಸಿದ್ರೆ 4 ಮೌಂಟ್ ಸಾಕು, ಆದ್ರೆ ಆಗ ಎಷ್ಟೇ ಅವಸರ ಇದ್ರೂ 4 ಡ್ರೈವ್‌ಗಿಂತ ಜಾಸ್ತಿ ಹಚ್ಚೋಕಾಗಲ್ಲ, ಹಾಗಾಗಿ ಎಷ್ಟು ಕೂಡಿಸಬೇಕು ಎಷ್ಟು ಹರಡಬೇಕು ಅನ್ನೋದು ಎಲ್ಲ ಪ್ರಯೋಗಕ್ಕೂ ಒಂದೇ ಆಗಿರಲ್ಲ, ಯಾರು ಯಾವ ಥರ ಓದ್ತಾರೆ ಅಂತ ನೋಡಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೊಂದಿಸ್ಬೇಕು.